ಹಳೇ ಗೇಮ್ ಕೊಂಡು ಮಾರುವ ವ್ಯಾಪಾರ: ಮಾಲು ಇದೆ, ಕಾಸಿಲ್ಲ!

ಪ್ರಶ್ನೆ: ನಮಸ್ಕಾರ ಸರ್. ಹಳೇ ವಿಡಿಯೋ ಗೇಮ್, ಅವನ್ನು ಆಡುವ ಯಂತ್ರ ಅಂದರೆ ಕನ್ಸೋಲ್ ಕೊಂಡು ಮಾರಲು ಶುರು ಮಾಡಿ ಎಂಟು ತಿಂಗಳಾಯಿತು. ದಿನಾ ಒಂದೆರಡು ಮಾರಾಟವಾಗುತ್ತವೆ. ಆದರೂ ತಿಂಗಳ ಕೊನೆಗೆ ಕೈ ಖಾಲಿ, ಮನೆ ತುಂಬ ಡಿಸ್ಕ್. ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ಸುಮ್ನೆ ಒಂದು ಸಲ ನಿಮ್ಮ ಕಪಾಟು ನೋಡಿ. ಹಳೇ ವರ್ಷದ ಫುಟ್‌ಬಾಲ್ ಗೇಮ್‌ಗಳೇ ಜಾಸ್ತಿ ಇರಬೇಕು, ಅಲ್ವಾ? ಅವು ಅಗ್ಗಕ್ಕೆ ಸಿಗುತ್ತವೆ ಅಂತ ಎಲ್ಲರೂ ಬಾಚಿಕೊಳ್ಳುತ್ತಾರೆ. ಪ್ರತಿ ವರ್ಷ ಹೊಸದು ಬರುತ್ತದೆ, ಬಂದ ಮೇಲೆ ಹಿಂದಿನದನ್ನು ಕೇಳುವವರಿಲ್ಲ. ಅದೇ ಮಾರಿಯೋ, ಜೆಲ್ಡಾದಂಥ ನಿಂಟೆಂಡೋ ಗೇಮ್‌ಗಳ ಬೆಲೆ ಅಷ್ಟು ಬೇಗ ಇಳಿಯುವುದಿಲ್ಲ.

100ಕ್ಕೆ ಹೋಗುವ ಗೇಮ್‌ಗೆ ನಾನು 40ಕ್ಕಿಂತ ಜಾಸ್ತಿ ಕೊಡುವುದಿಲ್ಲ. ಮಿಕ್ಕ 60ರಲ್ಲೇ ಕಮಿಷನ್, ಸಾಗಣೆ, ಪ್ಯಾಕಿಂಗ್, ವಾಪಸ್ ಬರುವ ಮಾಲು ಎಲ್ಲ ಮುಗಿಯಬೇಕು. ನಿಮ್ಮ ಸಮಯವೂ ಅದರಲ್ಲೇ. ಒಂದು ಕನ್ಸೋಲ್ ಒರೆಸಿ, ಪೋರ್ಟ್‌ಗಳನ್ನು ನೋಡಿ, ಅರ್ಧ ಗಂಟೆ ಗೇಮ್ ಓಡಿಸಿ, ಫೋಟೋ ತೆಗೆಯುವಷ್ಟರಲ್ಲಿ ಒಂದೂವರೆ ಗಂಟೆ ಹೋಗಿರುತ್ತದೆ.

ಪ್ರಶ್ನೆ: ವಾಪಸ್ ಬರುವುದೇ ದೊಡ್ಡ ಕಾಟ ಸರ್. ಗೀಚಿದ ಡಿಸ್ಕ್‌ಗಳನ್ನು ಪಾಲಿಶ್ ಯಂತ್ರಕ್ಕೆ ಹಾಕಿಯೇ ಕಳಿಸುತ್ತೇನೆ. ಆದರೂ ಪ್ಲೇಸ್ಟೇಷನ್ ಕನ್ಸೋಲ್‌ನ ಪಿಎಸ್3, ಪಿಎಸ್4 ಗೇಮ್ ಓಡುವುದಿಲ್ಲ ಅಂತ ದೂರು.

ಉತ್ತರ: ಪಾಲಿಶ್ ಮಾಡಿದ್ದೇ ಎಡವಟ್ಟು. ಪಿಎಸ್2ರ ಡಿವಿಡಿಯಲ್ಲಿ ಮಾಹಿತಿಯ ಪದರ 0.6 ಮಿ.ಮೀ. ಒಳಗಿರುತ್ತದೆ. ಸ್ವಲ್ಪ ಉಜ್ಜಿದರೆ ತಡೆದುಕೊಳ್ಳುತ್ತದೆ. ಪಿಎಸ್3ರಿಂದ ಈಚೆಗೆ ಬ್ಲೂ-ರೇ ಅನ್ನುವ ಬೇರೆ ಬಗೆಯ ಡಿಸ್ಕ್. ಅದರಲ್ಲಿ ಬರೀ 0.1 ಮಿ.ಮೀ. ಮೇಲೊಂದು ಗಟ್ಟಿ ಲೇಪ ಇರುತ್ತದೆ, ಯಂತ್ರ ಮೊದಲು ಕೀಳುವುದೇ ಅದನ್ನು. ಆಳವಾಗಿ ಗೀಚಿದ ಬ್ಲೂ-ರೇ ಮುಟ್ಟಲೇಬೇಡಿ. ಸಿಡಿ ಕಾಲದ ಗೇಮ್ ಆದರೆ ದೀಪಕ್ಕೆ ಅಡ್ಡ ಹಿಡಿಯಿರಿ. ಚಿತ್ರದ ಬದಿಯಲ್ಲಿ ಗೀಚಿದ ಕಡೆ ಸೂಜಿಮೊನೆಯಷ್ಟು ಬೆಳಕು ತೂರಿದರೂ ಅಲ್ಲಿ ಮಾಹಿತಿಯೇ ಉದುರಿದೆ ಅಂತ ಅರ್ಥ.

ಇನ್ನೊಬ್ಬ ಸದಸ್ಯರು: ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಪೋಕೆಮಾನ್ ಕಾರ್ಟ್ರಿಜ್ (ಡಿಸ್ಕ್ ಬದಲು ಬರುವ ಗೇಮ್‌ನ ಪುಟ್ಟ ಡಬ್ಬಿ) ನಕಲಿಯೋ ಅಸಲಿಯೋ ಹೇಗೆ ತಿಳಿಯುವುದು?

ಉತ್ತರ: ನಿಂಟೆಂಡೋದ ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಅಡ್ವಾನ್ಸ್‌ನದಾದರೆ ಲೇಬಲ್ಲನ್ನು ಓರೆಯಾಗಿ ಹಿಡಿಯಿರಿ. ಅಸಲಿಯಲ್ಲಿ ಸಣ್ಣದೊಂದು ಸಂಖ್ಯೆ ಒತ್ತಿದ ಗುರುತು ಕಾಣುತ್ತದೆ. ಕೆಳಗಿನ ಚಿನ್ನದ ಬಣ್ಣದ ಪಟ್ಟಿಗಳಿಗಿಂತ ಸ್ವಲ್ಪ ಮೇಲ್ಗಡೆ, ಒಳಗಿನ ಬೋರ್ಡ್‌ನಲ್ಲಿ ನಿಂಟೆಂಡೋ ಹೆಸರು ಅಚ್ಚಾಗಿರುತ್ತದೆ. ದುಬಾರಿ ಕಾರ್ಟ್ರಿಜ್ ಆದರೆ ನಾನಂತೂ ಬಿಚ್ಚಿಯೇ ನೋಡುತ್ತೇನೆ.

ಹಳೇ ಕಾರ್ಟ್ರಿಜ್‌ನೊಳಗೆ ಸೇವ್ ಉಳಿಸುವ ಬ್ಯಾಟರಿಯನ್ನೂ ಮರೆಯಬೇಡಿ. ಒಮ್ಮೆ ಪೋಕೆಮಾನ್ ಗೋಲ್ಡ್ ಮಾರಿದ್ದೆ, ಅಸಲಿಯೇ. ಕೊಂಡವರು ಭಾನುವಾರವಿಡೀ ಆಡಿ ಸೇವ್ ಮಾಡಿ ಮಲಗಿದ್ದಾರೆ. ಬೆಳಿಗ್ಗೆ ನೋಡಿದರೆ ಏನೂ ಇಲ್ಲ! ಒಳಗಿನ ಸಿಆರ್2025 ಬ್ಯಾಟರಿ ಸತ್ತಿತ್ತು. ನಾನು ಗೇಮ್ ಆನ್ ಆಗುತ್ತದೋ ಇಲ್ಲವೋ ಅಷ್ಟೇ ನೋಡಿದ್ದೆ. ಈಗ ಸೇವ್ ಮಾಡಿ, ಎತ್ತಿಟ್ಟು, ಮರುದಿನ ಮತ್ತೆ ಹಾಕಿ ನೋಡುತ್ತೇನೆ.

ಪ್ರಶ್ನೆ: ಕಪಾಟು ಎಣಿಸಿದೆ ಸರ್. 140 ಡಿಸ್ಕ್‌ನಲ್ಲಿ 61 ಹಳೇ ಫುಟ್‌ಬಾಲ್. ನಗಬೇಡಿ.

ಉತ್ತರ: ನಕ್ಕಾಯಿತು. ನನ್ನ ಮೊದಲ ವರ್ಷವೂ ಹೀಗೇ ಇತ್ತು. ಐದೈದರ ಕಟ್ಟು ಮಾಡಿ, ಬಂದಷ್ಟಕ್ಕೆ ಕೊಟ್ಟುಬಿಡಿ. ಆ ದುಡ್ಡಿಗೆ ಕಂಟ್ರೋಲರ್ ಕೊಳ್ಳಿ, ಬೇಗ ಹೋಗುತ್ತವೆ. ಕೊಳ್ಳುವ ಮುಂಚೆ ಒಂದು ಗೇಮ್ ಹಾಕಿ ಕಂಟ್ರೋಲರ್ ಕೆಳಗಿಡಿ. ಸ್ಟಿಕ್ ಮುಟ್ಟದೆಯೇ ಪಾತ್ರ ತಾನಾಗಿ ನಡೆಯುತ್ತಿದ್ದರೆ ಅಲ್ಲೇ ಬಿಟ್ಟು ಬನ್ನಿ.