ಪಾಸ್‌ಪೋರ್ಟ್ ಹೊಸದಾಯಿತು, ಐ-94 (ಅಮೆರಿಕದಲ್ಲಿ ಎಷ್ಟು ದಿನ ಇರಬಹುದು ಎಂಬ ದಾಖಲೆ) ಮಾತ್ರ ಹಳೇ ತಾರೀಖಿಗೇ ನಿಂತಿದೆ. ಏನು ಮಾಡಲಿ?

ಪ್ರಶ್ನೆ:
ಅಮೆರಿಕದಲ್ಲಿ ಎಚ್-1ಬಿ (ಕೆಲಸದ ವೀಸಾ) ಮೇಲೆ ಕೆಲಸ ಮಾಡುತ್ತಿದ್ದೇನೆ. ಕಳೆದ ವರ್ಷ ಕಂಪನಿ ಎಕ್ಸ್‌ಟೆನ್ಷನ್ ಮಾಡಿಸಿತು, ಐ-797 (ಅದರ ಮಂಜೂರಾತಿ ಪತ್ರ) ಸೆಪ್ಟೆಂಬರ್ 30, 2027ರ ತನಕ ಇದೆ. ಡಿಸೆಂಬರ್‌ನಲ್ಲಿ ಊರಿಗೆ ಹೋಗಿ ಬಂದೆವು. ಆಗ ನನ್ನ ಹತ್ತಿರ ಹಳೇ ಪಾಸ್‌ಪೋರ್ಟೇ ಇತ್ತು, ಅದು ಆಗಸ್ಟ್ 11, 2026ಕ್ಕೆ ಮುಗಿಯುವಂಥದ್ದು. ವಾಪಸ್ ಬಂದ ಮೇಲೆ ಇಲ್ಲಿನ ಕಾನ್ಸುಲೇಟ್ ಮೂಲಕ ಹೊಸದು ಮಾಡಿಸಿಕೊಂಡೆ, ಅಲ್ಲಿಗೆ ಕೆಲಸ ಮುಗಿಯಿತು ಅಂದುಕೊಂಡೆ.

ನಿನ್ನೆ ಡ್ರೈವಿಂಗ್ ಲೈಸೆನ್ಸ್ ರಿನ್ಯೂ ಮಾಡಿಸಲು ಹೋದರೆ ಆಗಸ್ಟ್ 11ರ ತನಕ ಮಾತ್ರ ಕೊಡುತ್ತೇವೆ ಎಂದರು. ನಾನು 797 ತೋರಿಸಿದೆ. ಕೌಂಟರ್‌ನಲ್ಲಿದ್ದ ಹೆಂಗಸು ಸ್ಕ್ರೀನ್ ನನ್ನ ಕಡೆ ತಿರುಗಿಸಿ ಐ-94ರ ತಾರೀಖಿನ ಮೇಲೆ ಬೆರಳಿಟ್ಟರು. ರಾತ್ರಿ ನಿದ್ದೆ ಬರಲಿಲ್ಲ. 797ರ ಕೆಳಗೆ ಇನ್ನೊಂದು ಐ-94 ಇದೆ, ಅದರಲ್ಲಿ 2027 ಅಂತಲೇ ಇದೆ. ಯಾವುದು ಲೆಕ್ಕಕ್ಕೆ?

ಉತ್ತರ 1:
ಕೊನೆಗೆ ಕೊಟ್ಟದ್ದೇ ಲೆಕ್ಕ. ನೀವು 797 ಬಂದ ಮೇಲೆ ದೇಶ ಬಿಟ್ಟು ಹೋಗಿ ಬಂದಿದ್ದೀರಿ, ಹಾಗಾಗಿ ಏರ್‌ಪೋರ್ಟ್‌ನಲ್ಲಿ ಕೊಟ್ಟ ಐ-94 ನಿಮ್ಮದು. ಪಾಸ್‌ಪೋರ್ಟ್ ಬೇಗ ಮುಗಿಯುವುದಿದ್ದರೆ ಅಧಿಕಾರಿ ಆ ದಿನಕ್ಕೇ ಐ-94 ನಿಲ್ಲಿಸುವುದು ಸಾಮಾನ್ಯ. ಪಾಸ್‌ಪೋರ್ಟ್ ಹೊಸದಾದರೆ ಇದು ತಾನಾಗಿ ಬದಲಾಗುವುದಿಲ್ಲ. ಎಷ್ಟೋ ಜನ ಎಡವುವುದು ಇಲ್ಲೇ.

ಹತ್ತಿರದ ಏರ್‌ಪೋರ್ಟ್‌ನಲ್ಲಿ ಸಿಬಿಪಿಯವರ (ಗಡಿಯಲ್ಲಿ ತಪಾಸಣೆ ಮಾಡಿ ಒಳಗೆ ಬಿಡುವವರು) ಡೆಫರ್ಡ್ ಇನ್‌ಸ್ಪೆಕ್ಷನ್ ಆಫೀಸ್ (ಐ-94ರ ತಪ್ಪು ತಿದ್ದುವ ಕಚೇರಿ) ಇದ್ದರೆ ಒಮ್ಮೆ ಕೇಳಿ ನೋಡಿ.

ಉತ್ತರ 2:
ಅದನ್ನೇ ನಂಬಿ ಕೂರಬೇಡಿ. ನಾನು ಹೋಗಿದ್ದೆ. ಎರಡು ಗಂಟೆ ಕಾಯಿಸಿ, ಇದು ನಮ್ಮ ತಪ್ಪಲ್ಲ, ಪಾಸ್‌ಪೋರ್ಟ್ ಇದ್ದಷ್ಟೇ ದಿನ ಕೊಟ್ಟಿದ್ದೇವೆ ಎಂದು ಕಳಿಸಿಬಿಟ್ಟರು. ಹೆಸರು ತಪ್ಪಾಗಿದ್ದರೆ, ವೀಸಾ ಕ್ಲಾಸ್ ತಪ್ಪಾಗಿದ್ದರೆ ತಿದ್ದುತ್ತಾರೆ.

ಗಟ್ಟಿ ದಾರಿ ಎರಡು. ಒಂದು, ಹೊರಗೆ ಹೋಗಿ ಹೊಸ ಪಾಸ್‌ಪೋರ್ಟ್‌ನಲ್ಲಿ ಮತ್ತೆ ಒಳಗೆ ಬರುವುದು. ಹಳೇ ಪಾಸ್‌ಪೋರ್ಟ್‌ನ ವೀಸಾ ಸ್ಟಾಂಪ್ ಇನ್ನೂ ಚಾಲ್ತಿಯಲ್ಲಿದ್ದರೆ ಹೊಸ ಸ್ಟಾಂಪ್ ಬೇಕಿಲ್ಲ, ಹಳೇದು ಹೊಸದು ಎರಡೂ ಪಾಸ್‌ಪೋರ್ಟ್ ಕೈಯಲ್ಲಿರಲಿ, 797ರ ಒರಿಜಿನಲ್ ಇರಲಿ. ಬರುವಾಗ ಅಧಿಕಾರಿಗೆ ಹೊಸ ಪಾಸ್‌ಪೋರ್ಟ್ ತೋರಿಸಿ 797ರ ತಾರೀಖಿನ ತನಕ ಕೊಡಿ ಎಂದು ಬಾಯಿ ಬಿಟ್ಟು ಕೇಳಿ, ಇದಕ್ಕೆ ಸಂಕೋಚ ಬೇಡ. ಇನ್ನೊಂದು, ಕಂಪನಿಯವರು ಐ-129 ಅರ್ಜಿ ಹಾಕಿ ಎಕ್ಸ್‌ಟೆನ್ಷನ್ ಕೇಳುವುದು. ಐ-94 ಮುಗಿಯುವ ಮೊದಲೇ ಅರ್ಜಿ ತಲುಪಿದ್ದರೆ, ಉತ್ತರ ಬರುವ ತನಕ ಅದೇ ಕಂಪನಿಯಲ್ಲಿ 240 ದಿನಗಳವರೆಗೆ ಕೆಲಸ ಮುಂದುವರಿಸಬಹುದು. ಒಂದು ದಿನ ತಡವಾದರೂ ಆ ಅನುಕೂಲ ಇಲ್ಲ. ಪ್ರಯಾಣದ ರಗಳೆ ಬೇಡ ಅಂದರೆ ಇದೇ ವಾಸಿ. ನಾನೂ ಇದನ್ನೇ ಮಾಡಿದೆ.

ಉತ್ತರ 3:
ಹೆದರಿಸಲು ಹೇಳುತ್ತಿಲ್ಲ, ಆದರೆ ಸುಮ್ನೆ ಬಿಟ್ಟರೆ ಏನಾಗುತ್ತದೆ ಎಂದು ಗೊತ್ತಿರಲಿ. ಆಗಸ್ಟ್ 11 ದಾಟಿದ ಮೇಲೆ ಮಾಡುವ ಕೆಲಸ ಅನುಮತಿ ಇಲ್ಲದ ಕೆಲಸ. 180 ದಿನಕ್ಕಿಂತ ಜಾಸ್ತಿ ಹಾಗೇ ಉಳಿದು ಆಮೇಲೆ ಹೊರಗೆ ಹೋದರೆ 3 ವರ್ಷ ಒಳಗೆ ಬಿಡುವುದಿಲ್ಲ, ಒಂದು ವರ್ಷವಾದರೆ 10 ವರ್ಷ. ತಿಂಗಳು ತಿಂಗಳು ಸಂಬಳ ಬರುತ್ತಿರುತ್ತದೆ, ತೆರಿಗೆ ಕಟ್ಟುತ್ತಿರುತ್ತೀರಿ, ಯಾರೂ ಬಂದು ಎಚ್ಚರಿಸುವುದಿಲ್ಲ. ಆ ಲೈಸೆನ್ಸ್ ಕೌಂಟರ್‌ನವರಿಗೆ ನೀವು ಕೈ ಮುಗಿಯಬೇಕು.

ಮನೆಯವರ ಐ-94 ನೋಡಿದಿರಾ? ಎಚ್-4 (ಎಚ್-1ಬಿಯವರ ಗಂಡ/ಹೆಂಡತಿ, ಮಕ್ಕಳ ವೀಸಾ) ಇದ್ದವರ ತಾರೀಖು ಬೇರೆಯೇ ಇರಬಹುದು, ನಿಮ್ಮ ಐ-129 ಅವರನ್ನು ಕಾಪಾಡುವುದಿಲ್ಲ. ಅವರಿಗೆ ಬೇರೆಯಾಗಿ ಐ-539 ಅರ್ಜಿ ಹಾಕಬೇಕು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೆಳಿಗ್ಗೆಯೇ ಎಚ್‌ಆರ್‌ಗೂ ವಕೀಲರಿಗೂ ಮೇಲ್ ಹಾಕಿದೆ, ಐ-129 ಹಾಕಲು ಒಪ್ಪಿದ್ದಾರೆ. ಸಿಬಿಪಿ ವೆಬ್‌ಸೈಟ್‌ನಲ್ಲಿ ಮೂವರದ್ದೂ ತೆಗೆದು ನೋಡಿದೆ. ಹೆಂಡತಿಯದ್ದು 2027ರ ತನಕ ಇದೆ. ಮಗಳದ್ದು ಜೂನ್ 2ಕ್ಕೇ ಮುಗಿಯುತ್ತದೆ! ಮಕ್ಕಳ ಪಾಸ್‌ಪೋರ್ಟ್ 5 ವರ್ಷಕ್ಕೇ ಮುಗಿಯುತ್ತದೆ ಎಂಬುದು ತಲೆಗೇ ಬಂದಿರಲಿಲ್ಲ.

ಉತ್ತರ 3:
ಹಾಗಾದರೆ ಮೊದಲು ಅವಳದ್ದು. 18 ತುಂಬದವರಿಗೆ ಆ 180 ದಿನದ ಲೆಕ್ಕ ಹತ್ತುವುದಿಲ್ಲ, ಆದರೆ ಸ್ಟೇಟಸ್ (ಇಲ್ಲಿ ಕಾನೂನುಬದ್ಧವಾಗಿ ಇರುವ ಅನುಮತಿ) ಹೋಗುವುದು ಹೋಗುತ್ತದೆ. ಅವಳ ಐ-539 ಜೂನ್ 2ರ ಒಳಗೆ ತಲುಪಬೇಕು, ಪಾಸ್‌ಪೋರ್ಟ್ ಅರ್ಜಿಯನ್ನೂ ಇವತ್ತೇ ಹಾಕಿ. ಇದನ್ನು ವಕೀಲರಿಗೆ ಫೋನ್ ಮಾಡಿಯೇ ಹೇಳಿ, ಮೇಲ್ ನೋಡುವ ತನಕ ಕಾಯಬೇಡಿ.