ತುರ್ತು: ಸ್ಕ್ರೀನಿಂಗ್, ಪಾಲಿಪ್ – ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ದೊಡ್ಡ ಕರುಳಿನ ಕ್ಯಾನ್ಸರ್ ಬಗ್ಗೆ ಒಂದು ಕರಪತ್ರ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಸ್ಕ್ರೀನಿಂಗ್, ಪಾಲಿಪ್ ಈ ಎರಡರಲ್ಲೇ ಸಿಕ್ಕಿಕೊಂಡಿದ್ದೇನೆ.

ಸಂದರ್ಭ ಇದು. ಕರುಳಿನ ಒಳಪದರದಲ್ಲಿ ಪಾಲಿಪ್‌ಗಳು, ಅಂದರೆ ಸಣ್ಣ ಗಂಟುಗಳು, ಏಳುತ್ತವೆ. ಹೆಚ್ಚಿನವು ಏನೂ ಮಾಡುವುದಿಲ್ಲ. ಕೆಲವು ಮಾತ್ರ ನಿಧಾನವಾಗಿ, ಸಾಮಾನ್ಯವಾಗಿ ಹತ್ತು ವರ್ಷವೋ ಅದಕ್ಕಿಂತ ಜಾಸ್ತಿಯೋ ಹಿಡಿದು, ಕ್ಯಾನ್ಸರ್ ಆಗುತ್ತವೆ. ಅಷ್ಟರೊಳಗೆ ಕೊಲೊನೋಸ್ಕೋಪಿಯಲ್ಲಿ (ಕ್ಯಾಮೆರಾ ಇರುವ ಕೊಳವೆ ಹಾಕಿ ಕರುಳಿನ ಒಳಗೆ ನೋಡುವ ಪರೀಕ್ಷೆ) ಕಣ್ಣಿಗೆ ಬಿದ್ದರೆ ಅಲ್ಲೇ ತೆಗೆದುಬಿಡಬಹುದು. ಹಾಗಾಗಿ ಏನೂ ತೊಂದರೆ ಇಲ್ಲದವರೂ ಪರೀಕ್ಷೆ (ಇದೇ ಸ್ಕ್ರೀನಿಂಗ್) ಮಾಡಿಸಬೇಕು ಅನ್ನುವುದೇ ಕರಪತ್ರದ ಜೀವ. 50 ತುಂಬದವರಲ್ಲೂ ಈ ಕಾಯಿಲೆ ಹೆಚ್ಚುತ್ತಿದೆ ಎಂದು ಅಮೆರಿಕದ ತಜ್ಞರ ಸಮಿತಿ 2021ರಲ್ಲಿ ಸ್ಕ್ರೀನಿಂಗ್ ಶುರುವಾಗುವ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿತು. ಇಲ್ಲಿ ಬರೀ ‘ತಪಾಸಣೆ’ ಅಂದರೆ ಸಾಕಾ?

ಉತ್ತರ 1

ಪಾಲಿಪ್ ಗ್ರೀಕ್ ಮೂಲದ್ದು. ‘ಹಲವು ಕಾಲುಳ್ಳದ್ದು’ ಎಂದು ಅರ್ಥ. ಆದ್ದರಿಂದ ‘ಬಹುಪಾದಿ’. ಮೂಲ ನೋಡದೆ ಪದ ಕಟ್ಟಬಾರದು. ಕ್ಯಾನ್ಸರ್ ಅಂತ ಯಾಕೆ ಬರೆಯುತ್ತೀರಿ? ‘ಅರ್ಬುದ’ ಸುಶ್ರುತ ಸಂಹಿತೆಯ ಕಾಲದಿಂದಲೂ ಇದೆ.

ಉತ್ತರ 2

‘ಬಹುಪಾದಿ’ ಬೇಡವೇ ಬೇಡ. ಹೊಟ್ಟೆಯಲ್ಲಿ ಹುಳ ಆಗಿದೆ ಅಂದುಕೊಳ್ಳುತ್ತಾರೆ. ಅರ್ಬುದವೇನು ಮನೆಮಗನೇ? ಅದೂ ಎರವಲು, ಸಂಸ್ಕೃತದ್ದು. ಕನ್ನಡದ್ದೇ ‘ಏಡಿಹುಣ್ಣು’ ಇದೆ. ಪಾಲಿಪ್‌ಗೆ ‘ನರುಲಿ’ ಸಾಕು. ಮೈಮೇಲೆ ಏಳುವುದು ನರುಲಿ, ಕರುಳೊಳಗೆ ಎದ್ದರೆ ಒಳನರುಲಿ. ಸ್ಕ್ರೀನಿಂಗ್ ಅಂದರೆ ಸೋಸುವುದು. ‘ಸೋಸುನೋಟ’ ಅನ್ನಿ. ಎರವಲು ಎತ್ತುವ ಮೊದಲು ಮನೆಯ ಕಣಜ ನೋಡಬೇಕು ಅಲ್ವಾ?

ಉತ್ತರ 3

> ಕನ್ನಡದ್ದೇ ‘ಏಡಿಹುಣ್ಣು’ ಇದೆ

ಈ ಪದ ಬೇರೆಲ್ಲಾದರೂ ಇರಲಿ, ಹೊಟ್ಟೆ ಕರುಳಿನ ವಿಷಯದಲ್ಲಿ ಖಂಡಿತ ಬೇಡ. ಜಠರದ ಅಲ್ಸರ್‌ಗೆ ಜನ ಆಗಲೇ ‘ಹೊಟ್ಟೆಹುಣ್ಣು’ ಅನ್ನುತ್ತಾರೆ. ಅದೇ ಬೇರೆ, ಜಠರದ ಕ್ಯಾನ್ಸರೇ ಬೇರೆ. ಆದರೆ ಎರಡರ ಹಿಂದೆಯೂ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಒಂದೇ ಬ್ಯಾಕ್ಟೀರಿಯಾ ಇರಬಹುದು. ಅದನ್ನು 1982ರಲ್ಲಿ ಬೆಳೆಸಿ ತೋರಿಸಿದ ಮಾರ್ಷಲ್ ಮತ್ತು ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಅದನ್ನು ಕ್ಯಾನ್ಸರ್ ತರುವ ಪಟ್ಟಿಗೆ ಸೇರಿಸಿತ್ತು. ವಿಷಯ ಹೀಗೆ ಹತ್ತಿರ ಹತ್ತಿರ ಇರುವಾಗ ಪದಗಳು ದೂರ ಇರಬೇಕು. ಎರಡಕ್ಕೂ ‘ಹುಣ್ಣು’ ಹಚ್ಚಿದರೆ, ಹುಣ್ಣಿಗೆ ಮಾತ್ರೆ ನುಂಗುತ್ತಿರುವವರು ಸುಮ್ನೆ ಹೆದರುತ್ತಾರೆ. ಕ್ಯಾನ್ಸರ್ ಇರುವವರು ಹುಣ್ಣು ತಾನೇ ಅಂತ ತಡಮಾಡುತ್ತಾರೆ. ಎರಡನೆಯದು ಪ್ರಾಣಕ್ಕೇ ಬರುತ್ತದೆ.

‘ನರುಲಿ’ಯೂ ಒಪ್ಪುವುದಿಲ್ಲ. ನರುಲಿ ವೈರಸ್‌ನಿಂದ ಬರುವಂಥದ್ದು, ಅಂಟುತ್ತದೆ. ಪಾಲಿಪ್ ಅಂಟುವುದಿಲ್ಲ.

ಸ್ಕ್ರೀನಿಂಗ್ ವಿಷಯಕ್ಕೆ ಬರೋಣ. ಮಲದಲ್ಲಿ ರಕ್ತ ಕಂಡು, ಆಮೇಲೆ ಕೊಲೊನೋಸ್ಕೋಪಿ ಮಾಡಿಸಿದರೆ ಅದು ರೋಗಪತ್ತೆ. ಏನೂ ಕಾಣದಿರುವಾಗಲೇ, ಕಣ್ಣಿಗೆ ಕಾಣದ ರಕ್ತ ಮಲದಲ್ಲಿ ಇದೆಯಾ ಎಂದು ಪರೀಕ್ಷಿಸಿದರೆ ಅದು ಸ್ಕ್ರೀನಿಂಗ್. ‘ತಪಾಸಣೆ’ ಈ ಎರಡನ್ನೂ ಒಂದೇ ಮಾಡುತ್ತದೆ. ಓದುವವರು ‘ನನಗೇನೂ ಆಗಿಲ್ಲ, ಇದು ನನಗಲ್ಲ’ ಎಂದು ಹಾಳೆ ಮಡಚಿಡುತ್ತಾರೆ. ‘ಮುನ್‌ತಪಾಸಣೆ’ ಬಳಸಿ. ‘ಮುನ್’ ಅನ್ನುವ ಆ ಚೂರೇ ಇಲ್ಲಿ ಮುಖ್ಯ.

ಉತ್ತರ 2ರವರಿಂದ ಮತ್ತೆ

ತಪಾಸಣೆ ಮರಾಠಿಯಿಂದ ಬಂದದ್ದು. ಅದರ ಹಿಂದೆ ಕನ್ನಡದ ‘ಮುನ್’ ಅಂಟಿಸುವುದು ತೇಪೆ ಕೆಲಸ. ಒಪ್ಪುವುದಿಲ್ಲ.

ಉತ್ತರ 4

ಹಾಗಾದರೆ ‘ಆಸ್ಪತ್ರೆ’ಯನ್ನೂ ಬಿಡುತ್ತೀರಾ? ಅದೂ ಹೊರಗಿನಿಂದ ಬಂದದ್ದೇ. ಬಾಯಲ್ಲಿ ಪಳಗಿತು, ನಮ್ಮದಾಯಿತು. ಕ್ಯಾನ್ಸರ್ ಕೂಡ ಪಳಗಿ ಎಷ್ಟೋ ಕಾಲವಾಯಿತು. ಅಕ್ಷರ ಕಲಿಯದವರಿಗೂ ಗೊತ್ತಿರುವ ಪದ ತೆಗೆದು ನಿಘಂಟಿನ ಪದ ಇಡುವುದು ಕನ್ನಡದ ಸೇವೆ ಅಲ್ಲ.

ಉತ್ತರ 1ರವರಿಂದ ಮತ್ತೆ

ಪಳಗಿದ್ದೆಲ್ಲ ನಮ್ಮದು ಅನ್ನುತ್ತಾ ಹೋದರೆ ಕೊನೆಗೆ ವಿಭಕ್ತಿ ಪ್ರತ್ಯಯ ಮಾತ್ರ ಉಳಿಯುತ್ತದೆ. ನನ್ನ ಮಾತು ಮುಗಿಯಿತು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆ. ಕ್ಯಾನ್ಸರ್ ಪದ ಹಾಗೇ ಇರುತ್ತದೆ. ಪಾಲಿಪ್ ಮೊದಲ ಸಲ ಬರುವಾಗ ‘ಪಾಲಿಪ್ ಎಂಬ ಕಿರುಗಂಟು’ ಎಂದು ಬರೆದು, ಆಮೇಲೆ ‘ಕಿರುಗಂಟು’ ಮಾತ್ರ ಇಡುತ್ತೇನೆ. ‘ಗಡ್ಡೆ’ ಬೇಡ ಅನ್ನಿಸಿತು. ಆ ಪದ ಕೇಳಿದರೇ ಜನ ಕ್ಯಾನ್ಸರ್ ಎಂದು ತಿಳಿಯುತ್ತಾರೆ, ಮುಂದಿನ ಸಾಲು ಓದುವುದಿಲ್ಲ.

ತಲೆಬರಹ ಹೀಗಿದೆ: ‘ಏನೂ ತೊಂದರೆ ಇಲ್ಲವೇ? ಮುನ್‌ತಪಾಸಣೆ ನಿಮಗಾಗಿಯೇ.’ ತೇಪೆ ಅನ್ನುವವರು ನಾಳೆ ಮಧ್ಯಾಹ್ನದೊಳಗೆ ಇದಕ್ಕಿಂತ ಸಲೀಸಾಗಿ ಅರ್ಥವಾಗುವ ಪದ ಕೊಟ್ಟರೆ ಬದಲಿಸುತ್ತೇನೆ. ‘ಸೋಸುನೋಟ’ ಮಾತ್ರ ಹಾಕಲಾರೆ.