ಪದ ಬೇಕು, ಇವತ್ತೇ: ‘ಎಸ್‌ಕ್ಯುಎಲ್ ಇಂಜೆಕ್ಷನ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಸಹಕಾರ ಸಂಘದ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುವ ಹುಡುಗರಿಗಾಗಿ ಎರಡು ಪುಟದ ಸೂಚನೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಡಿಟಿಪಿಗೆ ಕೊಡಬೇಕು. ಎಸ್‌ಕ್ಯುಎಲ್ ಅಂದರೆ ಡೇಟಾಬೇಸಿಗೆ ಆದೇಶ ಕೊಡುವ ಭಾಷೆ; ಹೊರಗಿನವರು ಅದರೊಳಗೆ ತಮ್ಮ ಆದೇಶ ಸೇರಿಸಿಬಿಡುವುದಕ್ಕೆ ಇಂಗ್ಲಿಷಿನಲ್ಲಿ ‘ಇಂಜೆಕ್ಷನ್’ ಅನ್ನುತ್ತಾರೆ. ಆ ಪದದ ಹತ್ತಿರ ಬಂದು ನಿಂತಿದ್ದೇನೆ. ಹಿಂದೆ ಅನುವಾದ ಮಾಡಿದವರು ‘ಚುಚ್ಚುಮದ್ದು ದೋಷ’ ಎಂದು ಬರೆದಿದ್ದಾರೆ. ಓದಿದರೆ ಲಸಿಕೆಯಲ್ಲೇ ಏನೋ ಎಡವಟ್ಟಾಗಿದೆ ಅನ್ನಿಸುತ್ತದೆ.

ವಿಷಯ ಇದು. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಜಾವಾ ಡ್ರೈವರ್‌ನಲ್ಲಿ (ಜಾವಾ ಪ್ರೋಗ್ರಾಂ ಆ ಡೇಟಾಬೇಸಿನ ಜೊತೆ ಮಾತಾಡಲು ಬಳಸುವ ತುಣುಕು ಅದು) ಒಂದು ಹುಳುಕಿದೆ ಎಂದು 2024ರ ಫೆಬ್ರುವರಿಯಲ್ಲಿ ಹೊರಗೆ ಬಂತು. ಇಂಥ ಹುಳುಕುಗಳ ಸಾರ್ವಜನಿಕ ಪಟ್ಟಿಯಲ್ಲಿ ಅದರ ನಂಬರು ಸಿವಿಇ-2024-1597. ಕ್ವೆರಿಯಲ್ಲಿ, ಅಂದರೆ ಡೇಟಾಬೇಸಿಗೆ ಕಳಿಸುವ ಆದೇಶದಲ್ಲಿ, ಮೌಲ್ಯ ತುಂಬುವ ಜಾಗಕ್ಕೆ ಪ್ರಶ್ನೆಚಿಹ್ನೆ ಇಟ್ಟಿರುತ್ತೇವಲ್ಲ, ಅದಕ್ಕೆ ಅಂಟಿಕೊಂಡೇ ಮುಂಚೆ ಒಂದು ಮೈನಸ್ ಇದೆ ಅಂದುಕೊಳ್ಳಿ. ಆ ಜಾಗಕ್ಕೆ -5 ಬಂದರೆ ಎರಡು ಗೆರೆ ಒಟ್ಟಿಗೆ ಕೂರುತ್ತವೆ: --5. ಎಸ್‌ಕ್ಯುಎಲ್‌ಗೆ ಎರಡು ಗೆರೆ ಕಂಡರೆ ಸಾಲಿನ ಕೊನೆಯವರೆಗೂ ಬರೀ ಟಿಪ್ಪಣಿ. ಅದೇ ಸಾಲಿನಲ್ಲಿ ಮುಂದೆ ಬರುವ ಪಠ್ಯದ ಕೋಟ್ ಗುರುತು ಆ ಟಿಪ್ಪಣಿಯಲ್ಲಿ ಮುಳುಗಿಹೋಗುತ್ತದೆ. ಆ ಪಠ್ಯದೊಳಗೆ ಯಾರಾದರೂ ಬೇಕಂತಲೇ ಹೊಸ ಸಾಲು ಇಟ್ಟಿದ್ದರೆ, ಅಲ್ಲಿಂದ ಮುಂದಿನದು ಪಠ್ಯವಾಗಿ ಉಳಿಯುವುದಿಲ್ಲ, ಆದೇಶವಾಗಿ ಓಡುತ್ತದೆ. ಮೌಲ್ಯವನ್ನು ಡ್ರೈವರೇ ಕ್ವೆರಿಯೊಳಗೆ ಬರೆದು ಕಳಿಸುವ ‘ಸಿಂಪಲ್ ಮೋಡ್’ ಆರಿಸಿಕೊಂಡವರಿಗೆ ಮಾತ್ರ ಈ ತೊಂದರೆ. ಡ್ರೈವರಿನ 42.7.2 ಆವೃತ್ತಿಯಲ್ಲಿ ಸರಿಮಾಡಿದ್ದಾರೆ.

ನುಸುಳಿಕೆ, ತೂರಿಕೆ, ಕನ್ನ. ಮೂರರಲ್ಲಿ ಯಾವುದು? ದಯವಿಟ್ಟು ಇವತ್ತೇ ಹೇಳಿ.

— ಕೊಪ್ಪಳ

•

ಕನ್ನ ಬೇಡ. ಕನ್ನ ಅಂದರೆ ಗೋಡೆ ಕೊರೆಯುವುದು. ಇಲ್ಲಿ ಗೋಡೆ ಯಾರು ಕೊರೆದರು? ಬಾಗಿಲಿಂದಲೇ ಬಂದಿದೆ. ನುಸುಳಿಕೆ ಅಂತ ಹಾಕಿ ಮುಗಿಸಿ. ನುಸುಳುಕೋರರ ಸುದ್ದಿ ದಿನಾ ಪೇಪರಿನಲ್ಲಿ ಓದುತ್ತೇವೆ, ಎಲ್ಲರಿಗೂ ಗೊತ್ತಿರುವ ಪದ.

— ಬಳ್ಳಾರಿ

•

ನುಸುಳಿಕೆ ತಪ್ಪು. ನುಸುಳು ಅಕರ್ಮಕ. ನುಸುಳುವವನು ತಾನೇ ನುಸುಳುತ್ತಾನೆ. ಇಲ್ಲಿ ಹೊರಗೆ ಕೂತ ಒಬ್ಬ ಆದೇಶವನ್ನು ಒಳಗೆ ಕಳಿಸುತ್ತಾನೆ. ಆ ಮನುಷ್ಯನನ್ನೇ ಪದದಿಂದ ಬಿಟ್ಟರೆ ಹೇಗೆ? ತೂರಿಸು ಅನ್ನಿ. ಪೈಜಾಮಕ್ಕೆ ಲಾಡಿ ತೂರಿಸುತ್ತೇವೆ, ಬೇರೆಯವರ ಮನೆ ಮಾತಿಗೆ ಮೂಗು ತೂರಿಸುತ್ತೇವೆ. ಬೇಡದ ಕಡೆ ಹೊಗಿಸುವ ಅರ್ಥ ಅದರಲ್ಲಿ ಆಗಲೇ ಇದೆ.

ಇದನ್ನು ರಾಶಿ ತೂರುವ ‘ತೂರು’ ಜೊತೆ ಕಲೆಸಬೇಡಿ. ತೆಲುಗಿನವರು ಎರಡನ್ನೂ ಬೇರೆ ಇಟ್ಟಿದ್ದಾರೆ. ಒಳಗೆ ಹೋಗುವುದು ದೂರು, ರಾಶಿ ತೂರುವುದು ತೂರ್ಪಾರ. ನಮ್ಮಲ್ಲಿ ಎರಡೂ ಒಂದೇ ಉಚ್ಚಾರಕ್ಕೆ ಬಂದು ಕೂತಿವೆ. ಅರ್ಥ ನೋಡಿದರೆ ಪೂರ್ತಿ ಉಲ್ಟಾ. ಕಣದಲ್ಲಿ ತೂರಿದರೆ ಕಾಳು ಬೇರೆ, ಹೊಟ್ಟು ಬೇರೆ ಆಗುತ್ತದೆ. ಈ ಹುಳುಕಿನಲ್ಲಿ ಬೇರೆ ಇರಬೇಕಾದ ಮೌಲ್ಯ ಮತ್ತು ಆದೇಶ ಕಲೆತುಹೋಗುತ್ತವೆ.

— ರಾಯಚೂರು

•

ಹುಡುಗರಿಗೆ ನಾಳೆ ಹಾಳೆ ಬೇಕು, ತೆಲುಗು ವ್ಯಾಕರಣ ಅಲ್ಲ. ಹಾಗಾದರೆ ಇಂಜೆಕ್ಷನ್ ಅಂತಲೇ ಬರೆಯಿರಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರೆಸ್ಟ್ ಗೇಟ್ ಚೈನು ತುಂಡಾಗಿ ಕೊಚ್ಚಿಹೋಯಿತು. ಗೇಟಿನ ಜಾಗದಲ್ಲಿ ನೀರು ತಡೆಯಲು ಇಳಿಸುವ ತಾತ್ಕಾಲಿಕ ತಡೆಗೆ ಸ್ಟಾಪ್‌ಲಾಗ್ ಅನ್ನುತ್ತಾರೆ. ಆ ವಾರವಿಡೀ ನಾವೆಲ್ಲ ‘ಸ್ಟಾಪ್‌ಲಾಗ್ ಕೂತಿತಾ, ಸ್ಟಾಪ್‌ಲಾಗ್ ಕೂತಿತಾ’ ಅಂತಲೇ ಕೇಳಿದೆವು. ನಮ್ಮ ಓಣಿಯಲ್ಲಿ ಒಬ್ಬರೂ ಅದಕ್ಕೆ ಕನ್ನಡ ಪದ ಹುಡುಕುತ್ತಾ ಕೂರಲಿಲ್ಲ.

— ಬಳ್ಳಾರಿ

•

ಸ್ಟಾಪ್‌ಲಾಗ್ ಕಣ್ಣಿಗೆ ಕಾಣುವ ಕಬ್ಬಿಣ. ಟಿವಿಯಲ್ಲಿ ಅದನ್ನು ಇಳಿಸುವುದನ್ನು ನೋಡಿದೆವು, ಅರ್ಥವಾಯಿತು. ವಸ್ತುವಿನ ಹೆಸರು ಎಲ್ಲಿಂದ ಬಂದರೂ ನನಗೆ ತಕರಾರಿಲ್ಲ. ಜಮೀನು, ವಕೀಲ, ತಹಸೀಲು ಎಲ್ಲ ಹೊರಗಿನಿಂದಲೇ ಬಂದವು. ಆದರೆ ಕೆಲಸದ ವಿಷಯ ಬಂದಾಗ ಜಪ್ತಿ ಮಾಡು, ವಜಾ ಮಾಡು ಅಂದೆವು. ‘ಮಾಡು’ ನಮ್ಮದೇ ಉಳಿಯಿತು. ಈಗ ನೀವು ಹೇಳಿದ ಹಾಗೆ ‘ಇಂಜೆಕ್ಷನ್ ಮಾಡಿದ’ ಅಂತ ಬರೆದು ನೋಡಿ. ಡಾಕ್ಟರು ಬಂದು ನಿಲ್ಲುತ್ತಾರೆ. ಚುಚ್ಚುಮದ್ದಿನಿಂದ ತಪ್ಪಿಸಿಕೊಳ್ಳಲು ಹೊರಟು ಮತ್ತೆ ಅಲ್ಲಿಗೇ ಬಂದ ಹಾಗಾಯಿತು ಅಲ್ವಾ?

— ರಾಯಚೂರು

•

ಇಬ್ಬರಿಗೂ ಧನ್ಯವಾದ. ಎರಡು ವಾಕ್ಯ ಬರೆದು, ಆ ಹಾಳೆಯನ್ನು ಓದಬೇಕಾದ ಹುಡುಗನಿಗೇ ತೋರಿಸಿದೆ. ‘ನುಸುಳಿಕೆ ತಡೆಯಿರಿ’ ಓದಿ ಸುಮ್ನೆ ತಲೆ ಆಡಿಸಿದ. ‘ತೂರಿಸಲು ಆಗದಂತೆ ನೋಡಿಕೊಳ್ಳಿ’ ಓದಿದ ತಕ್ಷಣ, ‘ಏನು ತೂರಿಸ್ತಾರೆ ಸರ್?’ ಅಂತ ಕೇಳಿದ. ನನಗೆ ಬೇಕಿದ್ದದ್ದು ಆ ಪ್ರಶ್ನೆಯೇ. ಮೌಲ್ಯ ಒಳಗೆ ಹೋಗುವುದು ತಪ್ಪಲ್ಲ, ಹೋಗಲೇಬೇಕು. ಮೌಲ್ಯದ ಜಾಗದಲ್ಲಿ ಆದೇಶ ಹೋಗುವುದು ತಪ್ಪು. ಹಾಗಾಗಿ ಏನು ಎಂಬುದನ್ನೂ ಸೇರಿಸಿದೆ.

ತಲೆಬರಹದಲ್ಲಿ ಎಸ್‌ಕ್ಯುಎಲ್ ಇಂಜೆಕ್ಷನ್ ಎಂದೇ ಬಿಟ್ಟಿದ್ದೇನೆ, ಹುಡುಗರು ನೆಟ್‌ನಲ್ಲಿ ಹುಡುಕುವುದು ಆ ಹೆಸರಿನಿಂದಲೇ. ಒಳಗಿನ ಸಾಲು ಹೀಗಿದೆ: ‘ಮೌಲ್ಯ ತುಂಬುವ ಜಾಗದಲ್ಲಿ ಯಾರೂ ಆದೇಶ ತೂರಿಸಲು ಆಗದಂತೆ, ಡ್ರೈವರ್ ಅನ್ನು 42.7.2ಕ್ಕೆ ಅಥವಾ ಅದಕ್ಕಿಂತ ಹೊಸದಕ್ಕೆ ಏರಿಸಿ.’

ಡ್ರೈವರ್‌ಗೆ ‘ಚಾಲಕ’ ಹಾಕಿಲ್ಲ, ಬಸ್ಸಿನವರು ನೆನಪಾಗುತ್ತಾರೆ. ಒಳ್ಳೆಯ ಪದ ಇದ್ದರೆ ಬೆಳಿಗ್ಗೆ ಹತ್ತರೊಳಗೆ ತಿಳಿಸಿ.

— ಕೊಪ್ಪಳ